ಮಂಡಿ ಸವೆದಿದೆ ಅಂದ ಮೇಲೆ ನಡೆಯಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂಡಿ ನೋವಿನವು. ಬರೆದವರು ಅರವತ್ತು ದಾಟಿದವರು, ಇಲ್ಲವೇ ಅವರ ಮಕ್ಕಳು, ಸೊಸೆಯಂದಿರು. ಹಾಗಾಗಿ ಬೆನ್ನು, ಭುಜದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಇಷ್ಟು ವರ್ಷದ ಫಿಸಿಯೋಥೆರಪಿ ಕೆಲಸದಲ್ಲಿ ನನಗೆ ತುಂಬ ಸಂಕಟ ಆಗುವುದು ನೋವಿಗೆ ಹೆದರಿ ಓಡಾಟವನ್ನೇ ಬಿಟ್ಟವರನ್ನು ನೋಡಿದಾಗ. ಇಲ್ಲಿರುವ ಪತ್ರಗಳಲ್ಲೂ ಆ ಹೆದರಿಕೆಯೇ ಕಾಣುತ್ತಿದೆ.

ಪ್ರಶ್ನೆ: ನಮ್ಮ ಅತ್ತೆಗೆ 69 ವರ್ಷ. ಎಕ್ಸ್‌ರೇ ತೆಗೆಸಿದಾಗ ಎರಡೂ ಮಂಡಿ ಸವೆದಿದೆ, ಗ್ಯಾಪ್ ಕಡಿಮೆಯಾಗಿದೆ ಅಂದರು. ಅವತ್ತಿನಿಂದ ನಡೆಯುವುದನ್ನೇ ಬಿಟ್ಟಿದ್ದಾರೆ. "ನಡೆದಷ್ಟೂ ಸವೆಯುತ್ತೆ, ಉಳಿದಿರೋದನ್ನಾದ್ರೂ ಉಳಿಸಿಕೊಳ್ತೀನಿ" ಅಂತಾರೆ. ಟಿ.ವಿ. ಮುಂದೆ ಕೂತರೆ ಊಟಕ್ಕೇ ಏಳೋದು. ಸ್ವಲ್ಪ ಓಡಾಡಿ ಅತ್ತೆ ಅಂದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಏನು ಮಾಡಲಿ ಮೇಡಂ?
— ಸೊಸೆ, ದಾವಣಗೆರೆ

ಉತ್ತರ: ನಿಮ್ಮ ಅತ್ತೆಯನ್ನು ಹೆದರಿಸಿರುವುದು "ಸವೆತ" ಅನ್ನುವ ಮಾತು. ಸವೆತ ಅಂದ ಕೂಡಲೇ ಚಪ್ಪಲಿಯ ಅಟ್ಟೆ, ಬಸ್ಸಿನ ಟೈರು ಕಣ್ಣ ಮುಂದೆ ಬರುತ್ತದೆ. ಓಡಿಸಿದಷ್ಟೂ ಸವೆಯುತ್ತದೆ, ನಿಲ್ಲಿಸಿಟ್ಟರೆ ಉಳಿಯುತ್ತದೆ. ಆದರೆ ಮಂಡಿ ಟೈರಲ್ಲ. ಅದು ಜೀವ ಇರುವ ಕೀಲು.

ಮೂಳೆಗಳ ತುದಿಯಲ್ಲಿ ನುಣುಪಾದ ಪದರ ಇರುತ್ತದಲ್ಲ, ಕಾರ್ಟಿಲೇಜ್, ಅದಕ್ಕೆ ರಕ್ತನಾಳಗಳೇ ಇಲ್ಲ. ಹಾಗಾದರೆ ಅದಕ್ಕೆ ಆಹಾರ ಎಲ್ಲಿಂದ? ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಊರಿದಾಗ ಆ ಪದರ ಒತ್ತಿಕೊಂಡು ದ್ರವವನ್ನು ಹೊರಗೆ ಬಿಡುತ್ತದೆ, ಹೆಜ್ಜೆ ಎತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ, ಪಾತ್ರೆ ತೊಳೆಯುವ ಸ್ಪಂಜಿನ ಹಾಗೆ. ಅಂದರೆ ನಡಿಗೆಯೇ ಅದಕ್ಕೆ ಊಟ ಬಡಿಸುವ ಕೆಲಸ. ದಿನವಿಡೀ ಕೂತರೆ ಮಂಡಿಗೆ ವಿಶ್ರಾಂತಿ ಸಿಗುವುದಿಲ್ಲ, ಉಪವಾಸ ಬೀಳುತ್ತದೆ.

ಇನ್ನೊಂದು ವಿಷಯ ತೊಡೆಯ ಮುಂಭಾಗದ ದಪ್ಪ ಸ್ನಾಯುವಿನದು. ಹೆಜ್ಜೆ ಊರುವಾಗಿನ ಏಟನ್ನು ಕೀಲಿಗೆ ಬಿಡದೆ ತಾನು ತಡೆದುಕೊಳ್ಳುವುದು ಅದೇ. ನೋವು ಅಂತ ಕೂತವರಲ್ಲಿ ಮೊದಲು ಸೊರಗುವುದೂ ಅದೇ. ಸ್ನಾಯು ಸೊರಗಿತು, ಏಟು ನೇರ ಕೀಲಿಗೆ ಬಿತ್ತು, ನೋವು ಹೆಚ್ಚಾಯಿತು, ಇನ್ನಷ್ಟು ಕೂತರು. ನಿಮ್ಮ ಅತ್ತೆ ಈಗ ಈ ಸುಳಿಯೊಳಗಿದ್ದಾರೆ.

ಎಕ್ಸ್‌ರೇ ಬಗ್ಗೆಯೂ ಒಂದು ಮಾತು ಹೇಳಬೇಕು. ಚಿತ್ರದಲ್ಲಿ ಭಯಂಕರ ಸವೆತ ಇದ್ದೂ ಆರಾಮಾಗಿ ಮಾರುಕಟ್ಟೆಗೆ ಹೋಗಿಬರುವವರಿದ್ದಾರೆ, ಚಿತ್ರ ಚೆನ್ನಾಗಿದ್ದೂ ಒದ್ದಾಡುವವರಿದ್ದಾರೆ. 45 ದಾಟಿದವರಿಗೆ ಓಡಾಡಿದಾಗ ಮಂಡಿ ನೋಯುತ್ತಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಟ್ಟರೆ, ಸಾಮಾನ್ಯವಾಗಿ ಎಕ್ಸ್‌ರೇ ಇಲ್ಲದೆಯೇ ಇದನ್ನು ಗುರುತಿಸಬಹುದು ಅಂತ ಬ್ರಿಟನ್ನಿನ 2022ರ ಮಾರ್ಗಸೂಚಿಯೇ ಹೇಳುತ್ತದೆ. ಹಾಗಾಗಿ ಆ ಫಿಲ್ಮನ್ನು ಬೀರುವಿನೊಳಗೆ ಇಟ್ಟುಬಿಡಿ. ದಿನಾ ತೆಗೆದು ನೋಡಿದರೆ ಭಯ ಹೆಚ್ಚುತ್ತದೆ ಅಷ್ಟೇ.

"ನಡೆದರೆ ಜಾಸ್ತಿ ಸವೆಯಲ್ವಾ?" ಅಂತ ಅವರು ಮತ್ತೆ ಕೇಳಿದರೆ ಇದನ್ನು ಓದಿ ಹೇಳಿ. ಅಮೆರಿಕದಲ್ಲಿ 60 ದಾಟಿದ, ಇದೇ ಮಂಡಿ ಸವೆತದ 439 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ನಡಿಗೆ, ಒಂದಕ್ಕೆ ತೂಕ ಎತ್ತುವ ವ್ಯಾಯಾಮ, ಇನ್ನೊಂದಕ್ಕೆ ಆರೋಗ್ಯದ ಪಾಠ ಮಾತ್ರ. 18 ತಿಂಗಳು ನಡೆಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಯಾಮ ಮಾಡಿದ ಎರಡೂ ಗುಂಪಿನವರಿಗೆ ನೋವು ಕಡಿಮೆ ಇತ್ತು, ಕೆಲಸ ಮಾಡಿಕೊಳ್ಳುವುದು ಸುಲಭವಾಗಿತ್ತು. ಎಕ್ಸ್‌ರೇಯಲ್ಲಿ ಪಾಠ ಕೇಳಿ ಸುಮ್ನೆ ಇದ್ದವರಿಗೂ ಇವರಿಗೂ ವ್ಯತ್ಯಾಸ ಇರಲಿಲ್ಲ. ಅಂದರೆ ಒಂದೂವರೆ ವರ್ಷ ನಡೆದರೂ ಹೆಚ್ಚಿಗೆ ಸವೆಯಲಿಲ್ಲ. ಲಾಭ ಪವಾಡದಷ್ಟಲ್ಲ, ಸಾಧಾರಣ. ಆದರೆ ಎದ್ದು ದೇವರ ಮನೆಗೆ ಹೋಗಲು ಕಷ್ಟಪಡುವವರಿಗೆ ಆ ಸಾಧಾರಣವೂ ದೊಡ್ಡದು.

"ಓಡಾಡಿ ಅತ್ತೆ" ಅನ್ನಬೇಡಿ, ಅದು ಅವರಿಗೆ ಬೈಗುಳದ ಹಾಗೆ ಕೇಳಿಸುತ್ತಿರಬಹುದು. "ನನ್ನ ಜೊತೆ ಹಾಲಿನ ಅಂಗಡಿವರೆಗೆ ಬನ್ನಿ" ಅನ್ನಿ. ಮೊದಲ ವಾರ ಸಮತಟ್ಟಾದ ರಸ್ತೆಯಲ್ಲಿ ಐದು ನಿಮಿಷ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಆಮೇಲೆ ವಾರಕ್ಕೆ ಎರಡು ನಿಮಿಷ ಏರಿಸಿ. ಮನೆಯಲ್ಲಿ ಟಿ.ವಿ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗ ಒಮ್ಮೆ ಎದ್ದು ನಿಲ್ಲಲಿ. ಅಷ್ಟರಿಂದ ಶುರುವಾದರೆ ಸಾಕು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, 66 ವರ್ಷ. ಆಸ್ಪತ್ರೆಯಲ್ಲಿ ಹದಿನಾಲ್ಕು ವ್ಯಾಯಾಮದ ಒಂದು ಹಾಳೆ ಕೊಟ್ಟರು. ಮೂರು ದಿನ ಎಲ್ಲವನ್ನೂ ಮಾಡುತ್ತೇನೆ, ನಾಲ್ಕನೇ ದಿನ ನೋವು ಹೆಚ್ಚಾಗಿ ಬಿಡುತ್ತೇನೆ. ಹೀಗೇ ನಾಲ್ಕು ತಿಂಗಳಾಯಿತು. ಮುಖ್ಯವಾದವು ಯಾವುವು? ಎಷ್ಟು ನೋವು ಬಂದರೆ ನಿಲ್ಲಿಸಬೇಕು?
— ಹಾಸನ

ಉತ್ತರ: ಮೇಷ್ಟ್ರೇ, ತಪ್ಪು ನಿಮ್ಮದಲ್ಲ. ಹದಿನಾಲ್ಕು ವ್ಯಾಯಾಮ ದಿನಾ ಮಾಡಿ ಅಂದರೆ ಇಪ್ಪತ್ತೈದರ ಹುಡುಗನೂ ಬಿಡುತ್ತಾನೆ. ನಾಲ್ಕು ಸಾಕು.

ಮೊದಲನೆಯದು ಮಂಚದ ಮೇಲೆ. ಕಾಲು ಚಾಚಿ ಕೂತು ಮಂಡಿಯ ಅಡಿಗೆ ಟವೆಲ್ ಸುರುಳಿ ಸುತ್ತಿ ಇಟ್ಟುಕೊಳ್ಳಿ. ಮಂಡಿಯಿಂದ ಆ ಸುರುಳಿಯನ್ನು ಕೆಳಕ್ಕೆ ಒತ್ತಿ, ಮನಸ್ಸಲ್ಲೇ ಐದು ಎಣಿಸಿ, ಬಿಡಿ. ತೊಡೆಯ ಮೇಲೆ ಕೈಯಿಟ್ಟು ನೋಡಿದರೆ ಸ್ನಾಯು ಗಟ್ಟಿಯಾಗುವುದು ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಒತ್ತುವುದು ಸಾಲದು ಅಂತ ಅರ್ಥ. ಒಂದು ಕಾಲಿಗೆ ಹತ್ತು ಸಲ.

ಆಮೇಲೆ ಅಂಗಾತ ಮಲಗಿ. ಒಂದು ಕಾಲನ್ನು ಮಡಚಿ ಪಾದ ಊರಿ, ಇನ್ನೊಂದನ್ನು ನೆಟ್ಟಗೆ ಇಟ್ಟು, ಹೆಬ್ಬೆರಳು ನಿಮ್ಮ ಕಡೆ ಎಳೆದುಕೊಂಡು ಒಂದಡಿ ಎತ್ತರಕ್ಕೆ ಎತ್ತಿ ಹಿಡಿಯಿರಿ. ಐದು ಎಣಿಸಿ ನಿಧಾನವಾಗಿ ಇಳಿಸಿ. ಇದೂ ಹತ್ತು ಸಲ. ಉಸಿರು ಬಿಗಿ ಹಿಡಿಯಬೇಡಿ, ಬಿ.ಪಿ. ಇರುವವರಂತೂ ಹಿಡಿಯಲೇಬಾರದು. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನೇ ಆಡುತ್ತದೆ, ನಿಮಗೆ ತರಗತಿಯಲ್ಲಿ ಮಗ್ಗಿ ಹೇಳಿಸಿ ಅಭ್ಯಾಸ ಇದ್ದೇ ಇದೆ.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಒಂದೇ ಒಂದು ಮಾಡಲು ಸಮಯ ಇದ್ದರೆ ಇದನ್ನೇ ಮಾಡಿ ಅಂತೀನಿ: ಕುರ್ಚಿಯಿಂದ ಎದ್ದು ಕೂರುವುದು. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ ಇಡಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಕಷ್ಟವಾದರೆ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಪಾದ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಎದೆ ಮುಂದಕ್ಕೆ ಬಾಗಿಸಿ, ಏಳಿ. ಕೂರುವಾಗ ಧೊಪ್ಪನೆ ಕೂರಬೇಡಿ. ಮೂರು ಎಣಿಸುತ್ತಾ ಇಳಿಯಿರಿ, ಬಲ ಬರುವುದು ಆ ಇಳಿಯುವುದರಲ್ಲೇ. ಮೊದಲು ಕೈ ಊರಿ ಐದು ಸಲ. ಕೆಲವು ವಾರದ ಮೇಲೆ ಕೈ ಬಿಟ್ಟು. ಆಮೇಲೆ ದಿಂಬು ತೆಗೆದು. ಪಾಯಿಖಾನೆಯಿಂದ ಏಳುವುದು, ಬಸ್ಸಿನ ಸೀಟಿನಿಂದ ಏಳುವುದು ಎಲ್ಲ ಇದರಿಂದಲೇ ಸಲೀಸಾಗುತ್ತದೆ.

ಕೊನೆಯದು ಅಡುಗೆ ಕಟ್ಟೆ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಹಾಗೇ ನಿಂತು ಒಂದೊಂದು ಕಾಲನ್ನೂ ಪಕ್ಕಕ್ಕೆ ಚಾಚಿ ತರುವುದು. ಸೊಂಟದ ಪಕ್ಕದ ಸ್ನಾಯು ಬಲವಾದರೆ ನಡೆಯುವಾಗ ವಾಲುವುದು ಕಡಿಮೆಯಾಗುತ್ತದೆ.

ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ ಮಾಡಿ. ಸ್ನಾಯು ಬಲಿಯುವುದು ಬಿಡುವಿನ ದಿನದಲ್ಲಿ. ಉಳಿದ ದಿನ ನಡಿಗೆ. ಹತ್ತು ಸಲ ಸುಲಭ ಅನ್ನಿಸಿದಾಗ ಹದಿನೈದಕ್ಕೆ ಏರಿಸಿ, ಅದೂ ಸುಲಭವಾದಾಗ ಅರ್ಧ ಕೆ.ಜಿ. ಮರಳನ್ನು ಬಟ್ಟೆ ಚೀಲದಲ್ಲಿ ತುಂಬಿ ಕಣಕಾಲಿಗೆ ಕಟ್ಟಿಕೊಂಡು ಕಾಲೆತ್ತಿ. ಏರಿಸದೆ ವರ್ಷಗಟ್ಟಲೆ ಅದೇ ಹತ್ತು ಸಲ ಮಾಡುವವರಿದ್ದಾರೆ, ಅವರಿಗೆ ಬಲ ಒಂದು ಹಂತಕ್ಕೆ ನಿಂತುಬಿಡುತ್ತದೆ.

ಈಗ ನೋವಿನ ಪ್ರಶ್ನೆ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ. ಅಂಕ ಕೊಡುವುದು ನಿಮಗೆ ಗೊತ್ತಿರುವ ಕೆಲಸವೇ. ಮಾಡುವಾಗ ನಾಲ್ಕು, ಹೆಚ್ಚೆಂದರೆ ಐದರವರೆಗೆ ಬಂದರೆ ಮುಂದುವರಿಸಿ. ಮಾರನೇ ದಿನ ಬೆಳಿಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ, ಅಥವಾ ಮಂಡಿ ಊದಿದ್ದರೆ, ಮಾಡಿದ್ದು ಜಾಸ್ತಿಯಾಯಿತು ಅಂತ ಲೆಕ್ಕ. ಆಗ ಪೂರ್ತಿ ಬಿಡಬೇಡಿ, ಅರ್ಧಕ್ಕೆ ಇಳಿಸಿ. ನೀವು ಎಡವುತ್ತಿರುವುದು ಇಲ್ಲೇ: ಪೂರ್ತಿ ಮಾಡುತ್ತೀರಿ, ಇಲ್ಲ ಪೂರ್ತಿ ಬಿಡುತ್ತೀರಿ. ಡೆನ್ಮಾರ್ಕಿನಲ್ಲಿ 2013ರಿಂದ ಮಂಡಿ, ಸೊಂಟ ನೋವಿನವರಿಗಾಗಿಯೇ ಒಂದು ತರಬೇತಿ ನಡೆಸುತ್ತಿದ್ದಾರೆ. ವಾರಕ್ಕೆ ಎರಡರಂತೆ ಆರು ವಾರ, ಹನ್ನೆರಡು ತರಗತಿ. ಅಲ್ಲೂ ಮೊದಲು ಕಲಿಸುವುದು ರೋಗದ ಬಗ್ಗೆ ಪಾಠ, ಆಮೇಲೆ ವ್ಯಾಯಾಮ. ಆರರಿಂದ ಎಂಟು ವಾರ ಬಿಡದೆ ಮಾಡಿ ಮೇಷ್ಟ್ರೇ, ಅದಕ್ಕೂ ಮುಂಚೆ ಪ್ರಯೋಜನ ಆಗಲಿಲ್ಲ ಅನ್ನಬೇಡಿ.

ಪ್ರಶ್ನೆ: ವಯಸ್ಸು 61. ಕೊಯ್ಲಿನ ಕಾಲದಲ್ಲಿ ದಿನಕ್ಕೆ ಆರೇಳು ಗಂಟೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತೇನೆ. ಎದ್ದಾಗ ಮಂಡಿ ಹಿಡಿದುಕೊಂಡು ಹತ್ತು ಹೆಜ್ಜೆ ನಡೆಯುವವರೆಗೂ ಬಿಡುವುದಿಲ್ಲ. ಇಷ್ಟು ಕೆಲಸ ಮಾಡುವವಳಿಗೆ ಮತ್ತೆ ವ್ಯಾಯಾಮ ಬೇಕಾ?
— ಶಿರಸಿ

ಉತ್ತರ: ಬೇಕು ಅಕ್ಕ. ಕೆಲಸ ಬೇರೆ, ವ್ಯಾಯಾಮ ಬೇರೆ. ಸುಲಿಯುವಾಗ ದುಡಿಯುವುದು ಕೈ, ಭುಜ. ಮಂಡಿ ಮಡಚಿಕೊಂಡೇ ಗಂಟೆಗಟ್ಟಲೆ ಇರುತ್ತದೆ. ತೀರಾ ಮಡಚಿದ ಮಂಡಿಯಲ್ಲಿ ಚಿಪ್ಪಿನ ಹಿಂದೆ ಒತ್ತಡ ಬಹಳ. ನೆಲದಿಂದ ಏಳುವ ಹೊತ್ತಿಗೆ ಪೂರ್ತಿ ಭಾರ ಆ ಮಡಚಿದ ಮಂಡಿಯ ಮೇಲೇ ಬೀಳುತ್ತದೆ.

ಕೆಲಸ ಬಿಡಿ ಅಂತ ಹೇಳುವುದಕ್ಕೆ ನನಗೆ ಮನಸ್ಸಿಲ್ಲ, ಅದು ನಿಮ್ಮ ಜೀವನ. ಕೂರುವ ಎತ್ತರ ಬದಲಿಸಿ. ಕತ್ತಿಯನ್ನು ಎತ್ತರದ ಹಲಗೆಗೆ ಕೂರಿಸಿಕೊಂಡು ಸ್ಟೂಲ್ ಅಥವಾ ಬೆಂಚಿನ ಮೇಲೆ ಕೂತು ಸುಲಿಯಲು ಆಗುತ್ತದಾ ನೋಡಿ, ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ. ಸೊಂಟ ಮಂಡಿಗಿಂತ ಸ್ವಲ್ಪ ಮೇಲೆ ಬರುವಷ್ಟು ಎತ್ತರ ಇರಲಿ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಬನ್ನಿ. ಏಳುವ ಮೊದಲು ಕೂತಲ್ಲೇ ಕಾಲು ಚಾಚಿ ಮಡಚಿ ಹತ್ತು ಸಲ ಮಾಡಿ, ಆ ಹಿಡಿತ ಅರ್ಧ ಅಲ್ಲೇ ಬಿಡುತ್ತದೆ. ಸುಲಿಯುವ ಚಪ್ಪರದಲ್ಲಿ ನಿಮ್ಮ ಜೊತೆ ಕೂರುವ ಹೆಂಗಸರಿಗೂ ಹೇಳಿ, ಎಲ್ಲರೂ ಒಟ್ಟಿಗೆ ಎದ್ದರೆ ಯಾರಿಗೂ ಸಂಕೋಚ ಇರುವುದಿಲ್ಲ. ಮೇಷ್ಟ್ರಿಗೆ ಹೇಳಿದ ಕುರ್ಚಿ ವ್ಯಾಯಾಮವನ್ನು ಕೊಯ್ಲಿಗೆ ಎರಡು ತಿಂಗಳ ಮುಂಚೆಯೇ ಶುರು ಮಾಡಿ.

ಪ್ರಶ್ನೆ: ನಲವತ್ತು ವರ್ಷದಿಂದ ಆಷಾಢ ಶುಕ್ರವಾರ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಿದ್ದೆ. ಈಗ 72. ಬಲ ಮಂಡಿ ನೋವು. ಮಕ್ಕಳು ಬೇಡವೇ ಬೇಡ ಅಂತಾರೆ. ಇನ್ನು ಆಗುವುದೇ ಇಲ್ಲವಾ?
— ಮೈಸೂರು

ಉತ್ತರ: ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ಈ ವರ್ಷವೇ ಹೊರಡಿ ಅಂತಲೂ ಹೇಳಲಾರೆ. ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳಿಗೆ ಮಂಡಿಯನ್ನು ತಯಾರು ಮಾಡಬೇಕು, ಅದಕ್ಕೆ ಮೂರು ನಾಲ್ಕು ತಿಂಗಳು ಬೇಕು. ಮೊದಲು ಸಮತಟ್ಟಾದ ಜಾಗ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅರ್ಧ ಗಂಟೆ ಆರಾಮಾಗಿ ನಡೆಯುವಂತಾಗಲಿ. ಆಮೇಲೆ ಮನೆಯ ಒಂದೇ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿ ಇಳಿಯುವುದು, ಹತ್ತು ಸಲ. ಅದು ಸಲೀಸಾದ ಮೇಲೆ ಬೆಟ್ಟದ ಪಾದದಲ್ಲಿ ಐವತ್ತು ಮೆಟ್ಟಿಲು ಹತ್ತಿ ವಾಪಸ್ ಬನ್ನಿ, ಮಾರನೇ ದಿನ ಮಂಡಿ ಏನು ಹೇಳುತ್ತದೆ ಕೇಳಿಕೊಂಡು ಮುಂದುವರಿಯಿರಿ.

ಹತ್ತುವಾಗ ಮೊದಲು ಒಳ್ಳೆಯ ಕಾಲು, ಅಂದರೆ ನಿಮ್ಮ ಎಡಗಾಲು. ಇಳಿಯುವಾಗ ಮೊದಲು ನೋವಿನ ಕಾಲು. ಊರುಗೋಲು ನೋವಿರುವ ಕಡೆಯ ಕೈಯಲ್ಲಲ್ಲ, ಎದುರು ಕೈಯಲ್ಲಿ, ನಿಮಗೆ ಎಡಗೈಯಲ್ಲಿ. ನೋವಿರುವ ಕಡೆಯೇ ಕೋಲು ಹಿಡಿದವರು ಎಷ್ಟೋ ಜನ ಸಿಗುತ್ತಾರೆ, ಅದರಿಂದ ಭಾರ ಅಷ್ಟಾಗಿ ತಪ್ಪುವುದಿಲ್ಲ.

ಇಳಿಯುವುದು ಮಂಡಿಗೆ ಹತ್ತುವುದಕ್ಕಿಂತ ತ್ರಾಸ. ಹಾಗಾಗಿ ಹತ್ತಿದರೂ ವಾಪಸ್ ಬಸ್ಸಿನಲ್ಲೇ ಬನ್ನಿ. ದಾರಿಯಲ್ಲಿ ದೊಡ್ಡ ನಂದಿ ಸಿಗುವ ಜಾಗಕ್ಕೆ ರಸ್ತೆಯೂ ಇದೆ, ಅಲ್ಲಿಗೆ ಸಾಕು ಅನ್ನಿಸಿದರೆ ಅಲ್ಲಿಂದ ಮಗ ಗಾಡಿಯಲ್ಲಿ ಕರೆದುಕೊಂಡು ಹೋಗಲಿ. ಆಷಾಢ ಶುಕ್ರವಾರದ ನೂಕುನುಗ್ಗಲಿನಲ್ಲಿ ನಿಧಾನವಾಗಿ ಹತ್ತಲು ಬಿಡುವುದಿಲ್ಲ, ಬೇರೆ ದಿನ ಬೆಳಿಗ್ಗೆ ಬೇಗ ಹೋಗಿ. ಎದೆ ನೋವು, ದಮ್ಮು ಇದ್ದರೆ ಹೃದಯದ ಡಾಕ್ಟರನ್ನು ಮೊದಲು ಕೇಳಿ, ಮಂಡಿಯ ಮಾತು ಆಮೇಲೆ.

ಪ್ರಶ್ನೆ: ಯೋಗ ತರಗತಿಯಲ್ಲಿ ವಜ್ರಾಸನದಲ್ಲಿ ಕೂರಲೇಬೇಕು ಅಂತಾರೆ. ತುಂಬ ನೋಯುತ್ತೆ. ಅಭ್ಯಾಸವಾದರೆ ಸರಿಹೋಗುತ್ತಾ? ಮಂಡಿಯಲ್ಲಿ ಕಟಕಟ ಸದ್ದೂ ಬರುತ್ತೆ.
— 64 ವರ್ಷ, ಬೆಳಗಾವಿ

ಉತ್ತರ: ಸವೆದ ಮಂಡಿಗೆ ವಜ್ರಾಸನದ ಹಟ ಬೇಡ. ಪದ್ಮಾಸನವೂ ಬೇಡ. ಪ್ರಾಣಾಯಾಮಕ್ಕೆ ಕುರ್ಚಿಯ ಮೇಲೆ ಕೂತರೂ ಉಸಿರು ಅದೇ ಉಸಿರು. ನಿಂತು ಮಾಡುವ ಆಸನಗಳನ್ನು ಗೋಡೆ ಹಿಡಿದು, ಮಂಡಿ ಸ್ವಲ್ಪವೇ ಬಾಗಿಸಿ ಮಾಡಿ, ತೊಡೆಗೆ ಬಲ ಬರುತ್ತದೆ. ಸದ್ದಿನ ಜೊತೆ ನೋವೂ ಬಾವೂ ಇಲ್ಲದಿದ್ದರೆ ಆ ಸದ್ದಿಗೆ ತಲೆಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ತೂಕ 84 ಕೆ.ಜಿ., ವಯಸ್ಸು 63, ಸಕ್ಕರೆ ಕಾಯಿಲೆಯೂ ಇದೆ. ತೂಕ ಇಳಿಸಿ ಅಂತಾರೆ, ನಡೆಯದೆ ಹೇಗೆ ಇಳಿಸಲಿ, ನಡೆದರೆ ನೋವು. ನೀ ಕ್ಯಾಪ್, ಗ್ಲೂಕೋಸಮೈನ್ ಮಾತ್ರೆ, ಎಣ್ಣೆ ಎಲ್ಲ ಆಯಿತು.
— ತುಮಕೂರು

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಇದು ಸುಲಭದ ಗಂಟಲ್ಲ. ಆದರೆ ಇಪ್ಪತ್ತು ಕೆ.ಜಿ. ಇಳಿಸಬೇಕು ಅಂತ ಯೋಚಿಸಬೇಡಿ. ಮೈತೂಕ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ಇಳಿಯುತ್ತದೆ ಅಂತ 2005ರಲ್ಲಿ ಅಮೆರಿಕದ ಸಂಶೋಧಕರು ಅಳೆದು ತೋರಿಸಿದ್ದಾರೆ. ನೀವು ನಾಲ್ಕು ಕೆ.ಜಿ. ಇಳಿಸಿದರೆ ಹೆಜ್ಜೆಗೆ ಹದಿನಾರು ಕೆ.ಜಿ. ಹಗುರ. ದಿನಕ್ಕೆ ಇಡುವ ಸಾವಿರಾರು ಹೆಜ್ಜೆಗೆ ಅದನ್ನು ಗುಣಿಸಿ ನೋಡಿ.

ನಡಿಗೆ ನೋವಾದರೆ ನಿಂತಲ್ಲೇ ತುಳಿಯುವ ಸೈಕಲ್ ಒಳ್ಳೆಯದು. ಸೀಟು ಎತ್ತರಕ್ಕಿರಲಿ, ಮಂಡಿ ಜಾಸ್ತಿ ಮಡಚಬಾರದು. ಈಜುಕೊಳ ಹತ್ತಿರವಿದ್ದರೆ ಎದೆ ಮಟ್ಟದ ನೀರಿನಲ್ಲಿ ನಡೆಯಿರಿ, ಈಜು ಬರಬೇಕಂತಿಲ್ಲ, ಜೊತೆಗೆ ಒಬ್ಬರಿರಲಿ ಅಷ್ಟೇ. ಎರಡೂ ಇಲ್ಲದಿದ್ದರೆ ಅರ್ಧ ಗಂಟೆಯ ನಡಿಗೆಯನ್ನು ಹತ್ತು ನಿಮಿಷದ ಮೂರು ತುಂಡು ಮಾಡಿ. ಊಟವಾದ ಮೇಲೆ ನಡೆದರೆ ಸಕ್ಕರೆಗೂ ಒಳ್ಳೆಯದು. ಇನ್ಸುಲಿನ್ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಹೋಗಬೇಡಿ. ತೂಕ ನಿಜವಾಗಿ ಇಳಿಯುವುದು ತಟ್ಟೆಯಲ್ಲಿ. ಅನ್ನವೋ ಮುದ್ದೆಯೋ, ಈಗ ತಿನ್ನುವುದರ ಮುಕ್ಕಾಲು ಪಾಲಿಗೆ ಇಳಿಸಿ, ಉಳಿದ ಜಾಗಕ್ಕೆ ಪಲ್ಯ, ಕಾಳು, ಸೊಪ್ಪು.

ನೀ ಕ್ಯಾಪ್ ಹಾಕಿದಾಗ ಧೈರ್ಯ ಬರುತ್ತದೆ ಅಂದರೆ ಹೊರಗೆ ಹೋಗುವಾಗ ಹಾಕಿ, ದಿನವಿಡೀ ಬೇಡ. ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಟ್ಟರೆ ಹಾಯೆನಿಸುತ್ತದೆ, ಆ ಹಾಯಿಯಲ್ಲೇ ವ್ಯಾಯಾಮ ಮಾಡಿಬಿಡಿ. ಸಕ್ಕರೆ ಕಾಯಿಲೆಯವರಿಗೆ ಬಿಸಿ ಸರಿಯಾಗಿ ಗೊತ್ತಾಗದೆ ಸುಡಬಹುದು, ನೀರನ್ನು ಬೇರೆಯವರು ಮುಟ್ಟಿ ನೋಡಲಿ. ಗ್ಲೂಕೋಸಮೈನ್ ಕೊಡಬೇಡಿ ಅಂತಲೇ ಆ 2022ರ ಮಾರ್ಗಸೂಚಿ ಹೇಳಿದೆ, ಆ ದುಡ್ಡಿಗೆ ಒಳ್ಳೆ ಮೆತ್ತನೆಯ ಶೂ ತೆಗೆದುಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ನುಂಗುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಈ ವಯಸ್ಸಿನಲ್ಲಿ, ಅದೂ ಸಕ್ಕರೆ ಇದ್ದಾಗ, ಕಿಡ್ನಿಗೆ ಪೆಟ್ಟು. ಹಚ್ಚುವ ಜೆಲ್ ಬಗ್ಗೆ ಡಾಕ್ಟರನ್ನು ಕೇಳಿ.

ಪ್ರಶ್ನೆ: ಅಪ್ಪನಿಗೆ 74. ಆಪರೇಷನ್ ಮಾಡಿಸಿ ಅಂದಿದ್ದಾರೆ. ವ್ಯಾಯಾಮ ಮಾಡಿದರೆ ತಪ್ಪಿಸಬಹುದಾ?
— ಮಗಳು, ಬೆಂಗಳೂರು

ಉತ್ತರ: ಕೆಲವರಿಗೆ ತಪ್ಪುತ್ತದೆ, ಕೆಲವರಿಗೆ ಮುಂದಕ್ಕೆ ಹೋಗುತ್ತದೆ, ಕೆಲವರಿಗೆ ಬೇಕೇ ಬೇಕು. ಡೆನ್ಮಾರ್ಕಿನಲ್ಲಿ ಮಂಡಿ ಬದಲಾವಣೆಗೆ ಅರ್ಹರಾಗಿದ್ದ 100 ಜನರಲ್ಲಿ ಅರ್ಧದಷ್ಟು ಜನರಿಗೆ ಆಪರೇಷನ್ ಮಾಡಿ ಆಮೇಲೆ ವ್ಯಾಯಾಮ ಕೊಟ್ಟರು, ಉಳಿದವರಿಗೆ ಆಪರೇಷನ್ ಇಲ್ಲದೆ ವ್ಯಾಯಾಮ, ತೂಕ ಇಳಿಸುವುದು ಇತ್ಯಾದಿ. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ, ಆಪರೇಷನ್ ಆದವರಿಗೆ ನೋವು ಹೆಚ್ಚು ಇಳಿಯಿತು, ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚು. ಆಪರೇಷನ್ ಇಲ್ಲದ 50 ಜನರಲ್ಲಿ ಒಂದು ವರ್ಷದೊಳಗೆ ಆಪರೇಷನ್‌ಗೆ ಹೋದವರು 13. ಹಾಗಾಗಿ ಅಪ್ಪನಿಗೆ ರಾತ್ರಿ ನಿದ್ದೆ ಇಲ್ಲ, ಮನೆಯೊಳಗೂ ನಡೆಯಲಾಗದು, ಮೂರು ತಿಂಗಳ ಸರಿಯಾದ ವ್ಯಾಯಾಮಕ್ಕೂ ಬಗ್ಗಲಿಲ್ಲ ಅನ್ನುವ ಸ್ಥಿತಿಯಿದ್ದರೆ ಆಪರೇಷನ್‌ಗೆ ಹೆದರಬೇಡಿ. ಆ ಮೂರು ತಿಂಗಳು ಯಾವತ್ತೂ ದಂಡವಾಗುವುದಿಲ್ಲ. ತೊಡೆ ಗಟ್ಟಿಯಿದ್ದವರು ಆಪರೇಷನ್ ಆದ ಮೇಲೂ ಬೇಗ ಎದ್ದು ಓಡಾಡುವುದನ್ನು ನೋಡಿದ್ದೇನೆ.

ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯಾಗಿ ಊದಿ ಜ್ವರವೂ ಬಂದರೆ, ಬಿದ್ದ ಮೇಲೆ ಭಾರ ಹಾಕಲಾಗದಿದ್ದರೆ, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ವ್ಯಾಯಾಮದ ಮಾತು ಬಿಟ್ಟು ಅವತ್ತೇ ಡಾಕ್ಟರ ಹತ್ತಿರ ಹೋಗಿ. ಇದು ನಿಮಗೆ ಮಾತ್ರವಲ್ಲ, ಈ ಪುಟ ಓದುವ ಎಲ್ಲರಿಗೂ.

ಪ್ರಶ್ನೆ: ನನಗೆ 81. ಇದನ್ನು ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ. ಈ ವಯಸ್ಸಿನಲ್ಲಿ ವ್ಯಾಯಾಮ ಮಾಡಿ ಏನು ಸುಖ ಮಗಳೇ?
— ಉಡುಪಿ

ಉತ್ತರ: ಅಜ್ಜಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 1990ರಲ್ಲಿ ಅಮೆರಿಕದ ಬೋಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಹತ್ತು ಜನ ಅಜ್ಜ ಅಜ್ಜಿಯರಿಗೆ ಎಂಟು ವಾರ ಕಾಲಿನ ಸ್ನಾಯುವಿನ ವ್ಯಾಯಾಮ ಮಾಡಿಸಿದರು. ಅವರ ಸರಾಸರಿ ವಯಸ್ಸು 90. ಕೊನೆಗೆ ಅವರ ತೊಡೆಯ ಬಲ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ಅವರಿಗೆ ಹೋಲಿಸಿದರೆ ನೀವು ಇನ್ನೂ ಚಿಕ್ಕವರು.

ನಾಳೆ ಬೆಳಿಗ್ಗೆ ಕಾಫಿ ಆದ ಮೇಲೆ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೈಯಿರುವ ಕುರ್ಚಿಯಿಂದ ಕೈ ಊರಿ ಮೂರು ಸಲ ಎದ್ದು ಕೂತುಕೊಳ್ಳಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಒಂದು ವಾರ ಮೂರೇ ಸಲ, ಮುಂದಿನ ವಾರ ನಾಲ್ಕು. ಕ್ಯಾಲೆಂಡರಿನಲ್ಲಿ ಮೊಮ್ಮಗಳು ಗುರುತು ಹಾಕುತ್ತಾ ಹೋಗಲಿ. ಎಂಟು ವಾರ ಆದಾಗ ಎಷ್ಟು ಸಲ ಏಳುತ್ತಿದ್ದೀರಿ ಅಂತ ನನಗೆ ಬರೆಸಿ ಕಳಿಸಿ, ಕಾಯುತ್ತಿರುತ್ತೇನೆ.